ಬಾಗಿಲಿಗೆ ಹಾಕಿದ ಗುರುತು

ಬೀದಿಯಲ್ಲಿ ಅವಳಿಗೆ ಹುಳದಕ್ಕ ಎಂದೇ ಹೆಸರು. ಮನೆಮನೆಗೆ ಹೋಗಿ ಡ್ರಮ್ಮು, ತೊಟ್ಟಿ, ಹೂಕುಂಡದ ತಟ್ಟೆಗಳಿಗೆ ಟಾರ್ಚ್ ಬಿಟ್ಟು ಸೊಳ್ಳೆಮರಿ ಹುಡುಕುವುದು ಅವಳ ಕೆಲಸ. ನೀರು ಚೊಕ್ಕಟವಾಗಿದ್ದರೆ ಬಾಗಿಲ ಪಕ್ಕ ಸೀಮೆಸುಣ್ಣದ ಗುರುತು. ಮರಿ ಕಂಡರೆ ಮುಲಾಜಿಲ್ಲ, ಡ್ರಮ್ಮು ಅಲ್ಲೇ ಬೋರಲು. ಸೊಳ್ಳೆಗಳನ್ನು ಎಷ್ಟು ಹೆದರಿಸಿದ್ದಳೋ ಗೊತ್ತಿಲ್ಲ, ಬೀದಿಯವರಂತೂ ಅವಳ ಚಪ್ಪಲಿ ಸದ್ದಿಗೇ ಮುಚ್ಚಳ ಹುಡುಕುತ್ತಿದ್ದರು. ಗಂಡ ಲಾರಿ ಮೇಲಿರುತ್ತಿದ್ದ. ಮನೆಗೂ ಬೀದಿಗೂ ಅವಳೊಬ್ಬಳೇ.

ಎದುರುಮನೆಯ ಟೈಲರಮ್ಮನ ಡ್ರಮ್ಮನ್ನೂ ಹಾಗೇ ಬೋರಲು ಹಾಕಿದ್ದಳು. ಅಪರೂಪಕ್ಕೆ ಬಂದ ನೀರು ಚರಂಡಿ ಪಾಲಾಯಿತೆಂದು ಟೈಲರಮ್ಮ ಅಂದಿನಿಂದ ಮುಖ ಕೊಟ್ಟು ಮಾತಾಡಿರಲಿಲ್ಲ.

ಅಷ್ಟರಲ್ಲಿ ಹುಳದಕ್ಕನ ಮಗಳಿಗೇ ಡೆಂಗಿ ಬಂತು. ಪ್ಲೇಟ್‌ಲೆಟ್ ಇಳಿಯುತ್ತಾ ಹೋದಾಗ ಅವಳ ಜೀವ ಬಾಯಿಗೆ ಬಂತು. ಇದು ಟೈಲರಮ್ಮನ ಡ್ರಮ್ಮಿನದೇ ಕೆಲಸ ಎಂದು ಆಸ್ಪತ್ರೆಗೆ ಬಂದವರೆದುರು ಹೇಳಿಬಿಟ್ಟಳು. ಮಾತು ಬಾಯಿಂದ ಬಾಯಿಗೆ ಹರಡಿ, ಕೆಲವರು ಟೈಲರಮ್ಮನಿಗೆ ಬಟ್ಟೆ ಕೊಡುವುದನ್ನೇ ನಿಲ್ಲಿಸಿದರು.

ಮಗಳು ಚೇತರಿಸಿಕೊಳ್ಳುತ್ತಿದ್ದಾಳೆ ಎಂದು ಡಾಕ್ಟರು ಹೇಳಿದ ದಿನ, ಹುಳದಕ್ಕ ಅವಳ ಬಟ್ಟೆ ಒಯ್ಯಲು ಮನೆಗೆ ಬಂದಳು. ಮಗಳ ಕಾಲುಚೀಲ ಫ್ರಿಜ್ಜಿನ ಹಿಂದೆ ಬಿದ್ದಿತ್ತು. ಫ್ರಿಜ್ ಎಳೆದು ನೋಡಿದರೆ, ಹಿಂಬದಿಯ ನೀರಿನ ಟ್ರೇ ತುಂಬ ಮರಿಗಳು. ತನ್ನ ಬಾಗಿಲಿಗೆ ಅವಳೇ ಗುರುತು ಹಾಕಿಕೊಳ್ಳುತ್ತಿದ್ದಳು, ಹೊರಡುವ ಗಡಿಬಿಡಿಯಲ್ಲಿ, ಒಳಗೆ ನೋಡದೆ. ನಮ್ಮ ಮನೆಯಲ್ಲಿ ಏನಿರುತ್ತೆ ಎಂಬ ಧೈರ್ಯ. ನಾಚಿಕೆಯಿಂದ ಅವಳ ಮುಖ ಸುಟ್ಟಂತಾಯಿತು.

ಟ್ರೇಯನ್ನು ಹಾಗೇ ಹಿಡಿದು ಬೀದಿ ದಾಟಿದಳು. ಜನ ನೋಡುತ್ತಿದ್ದರು. ನೋಡಲಿ ಎಂದೇ ನಿಂತಳು.

"ಇದು ನಮ್ಮನೇದು ಅಕ್ಕಾ. ನಿಮ್ಮ ಮೇಲೆ ಸುಮ್ಮಸುಮ್ನೆ ಹೇಳಿಬಿಟ್ಟೆ. ತಪ್ಪಾಯ್ತು."

ಟೈಲರಮ್ಮ ಟ್ರೇಯನ್ನೂ ಅವಳ ಮುಖವನ್ನೂ ನೋಡಿ, ಮಗು ಹೇಗಿದೆ ಎಂದು ಕೇಳಿದರು. ಪರವಾಗಿಲ್ಲ ಎಂದ ಮೇಲೆ ಟ್ರೇ ಇಸಿದುಕೊಂಡು ಬಿಸಿಲಿನ ನೆಲಕ್ಕೆ ಸುರಿದು, ಬ್ರಷ್ ತಂದು ಅಂಚು ಉಜ್ಜಿದರು. ಅಂಚಿಗೆ ಮೊಟ್ಟೆ ಅಂಟಿರುತ್ತವೆ ಎಂದು ಹೇಳಿಕೊಟ್ಟವಳು ಹುಳದಕ್ಕನೇ.

ಮಗಳು ಮನೆಗೆ ಬಂದ ಮೇಲೆ ಹುಳದಕ್ಕ ತನ್ನ ಬಾಗಿಲ ಗುರುತು ಒರೆಸಿ, ಟಾರ್ಚನ್ನೂ ಸೀಮೆಸುಣ್ಣವನ್ನೂ ಟೈಲರಮ್ಮನ ಕೈಗಿತ್ತಳು. ಇನ್ನು ಈ ಮನೆಯನ್ನು ನೀವೇ ನೋಡಬೇಕು ಎಂದಳು. ಟೈಲರಮ್ಮ ಮೂಲೆಮೂಲೆಯನ್ನೂ ಜಾಲಾಡಿ, ಗುರುತು ಹಾಕದೆಯೇ ಹೊರಬಂದರು.

"ಬಚ್ಚಲಿನ ಡ್ರಮ್ಮಿಗೆ ಮುಚ್ಚಳ ಸರಿಯಾಗಿ ಕೂತಿಲ್ಲ. ಸರಿ ಮಾಡಿಟ್ಟಿರು, ನಾಳೆ ಬರ್ತೀನಿ."