ಮೈಕಕ್ಕನ ಬಾಯಿಂದ ಸೋರಿದ ಮೂರು ಅಕ್ಷರ

ಬೆಳಗಿನ ಐದೂವರೆ. ಬಸ್ ನಿಲ್ದಾಣದ ಪ್ರಕಟಣೆ ಕೊಠಡಿಯಲ್ಲಿ ಮೈಕಕ್ಕ ಬೆಚ್ಚಗಿನ ಉಪ್ಪುನೀರನ್ನು ಬಾಯಲ್ಲಿಟ್ಟುಕೊಂಡು ತಲೆಯನ್ನಷ್ಟೇ ಆಚೀಚೆ ವಾಲಿಸುತ್ತಾರೆ. ಜೋರಾಗಿ ಮುಕ್ಕಳಿಸುವಂತಿಲ್ಲ, ಉಗುಳುವಂತಿಲ್ಲ. ಗಾಯದ ಮೇಲಿನ ರಕ್ತದ ಹೆಪ್ಪು ಕಿತ್ತುಬಂದೀತೆಂದು ಹಲ್ಲಿನ ಡಾಕ್ಟರು ಹೆದರಿಸಿದ್ದಾರೆ. ಮೇಲ್ಸಾಲಿನ ಮುಂದಿನ ಹಲ್ಲು ಕೀಳಿಸಿ ಇಂದಿಗೆ ಐದನೇ ದಿನ, ತುಟಿ ಇನ್ನೂ ಊದಿಕೊಂಡಿದೆ. ಬಾಗಿಲಲ್ಲಿ ಮೇಲ್ವಿಚಾರಕರು ಕೈಕಟ್ಟಿ ನಿಂತಿದ್ದಾರೆ. ಇವತ್ತು ಒಂದೇ ಒಂದು ತಪ್ಪು ಕೇಳಿಸಿದರೂ ನಾಳೆಯಿಂದ ಈ ಕುರ್ಚಿ ಖಾಲಿ, ಮುದ್ರಿತ ದನಿಯ ಯಂತ್ರ ಕೂಗುತ್ತದೆ.

ಮೈಕಕ್ಕ ಅನ್ನುವುದು ಚಾಲಕರು ಇಟ್ಟ ಹೆಸರು. ಇಪ್ಪತ್ತಮೂರು ವರ್ಷದಿಂದ ದಿನಗೂಲಿಯ ಮೇಲೆ ಇದೇ ಕಿಟಕಿ, ಇದೇ ಮೈಕು. ಪಾಳಿಗೆ ಇನ್ನೂರ ಹದಿನಾಲ್ಕು ಬಸ್ಸು, ಅವು ನಿಲ್ಲಲು ಹನ್ನೆರಡು ಅಂಕಣ. ಯಾವ ಬಸ್ಸು ಯಾವ ಅಂಕಣಕ್ಕೆ ಅನ್ನುವುದು ಅದು ಬಂದು ನಿಂತ ಮೇಲೆಯೇ ಗೊತ್ತಾಗುವುದು. ಬಸ್ಸು ಸಿಕ್ಕರೆ ನಮ್ಮ ಜಾಣತನ, ತಪ್ಪಿದರೆ ಇವರ ತಪ್ಪು. ನಾನೂ ಎಷ್ಟೋ ಸಲ ಈ ದನಿಗೆ ಬೈದಿದ್ದೇನೆ. ಇವರ ಬಗ್ಗೆ ಬರೆಯಲೆಂದು ಬಂದು ಮುಖ ನೋಡಿದ್ದು ಈ ವಾರವೇ.

ಎಂಟು ವರ್ಷದ ಹಿಂದೆ ಬಸ್ಸಿನ ಬಾಗಿಲು ಬಡಿದು ಪೆಟ್ಟಾದ ಹಲ್ಲದು. ಮಾತ್ರೆ ನುಂಗಿ ನುಂಗಿ ದಿನ ತಳ್ಳಿದರು, ಬೇರು ಒಳಗೊಳಗೇ ಕೊಳೆಯಿತು. ಕೀಳಿಸಿದ ಮರುದಿನವೇ ಕೆಲಸಕ್ಕೆ ಹಾಜರ್. ದಿನಗೂಲಿಯವರಿಗೆ ರಜೆ ಎಲ್ಲಿಂದ ಬರಬೇಕು?

ಎಡವಟ್ಟಾದದ್ದು ಅವತ್ತೇ. ಆಸ್ಪತ್ರೆಯ ಬಸ್ಸು ಐದನೇ ಅಂಕಣದಲ್ಲಿದೆ ಎಂದು ಕೂಗಿದರು. ಹಲ್ಲಿಲ್ಲದ ಸಂದಿಯಲ್ಲಿ 'ದ' ಸೋರಿಹೋಗಿ 'ಐದನೇ' ಅಂದದ್ದು ಹೊರಗೆ 'ಆರನೇ' ಎಂದು ಕೇಳಿಸಿತು. ತಾಯಿಯನ್ನು ಡಯಾಲಿಸಿಸ್‌ಗೆ ಕರೆದೊಯ್ಯುತ್ತಿದ್ದ ಮಗಳೊಬ್ಬಳು ಆರರಲ್ಲಿದ್ದ ಕಲ್ಲುಗಣಿಯ ಬಸ್ಸು ಹತ್ತಿಬಿಟ್ಟಳು. ನಡುದಾರಿಯಲ್ಲಿ ಇಳಿದು ಆಸ್ಪತ್ರೆ ಮುಟ್ಟುವಷ್ಟರಲ್ಲಿ ಅವರ ಸರದಿ ಬೇರೆಯವರ ಪಾಲಾಗಿತ್ತು. ಮಧ್ಯಾಹ್ನ ಆ ಮಗಳು ತಾಯಿಯನ್ನೂ ಕರೆದುಕೊಂಡು ಈ ಕಿಟಕಿಗೆ ಬಂದು, ನಡೆದದ್ದನ್ನು ಮೆಲ್ಲಗೆ ಹೇಳಿ ಹೋದಳಂತೆ.

"ಬೈದಿದ್ರೆ ವಾಸಿ ಇತ್ತು," ಅನ್ನುತ್ತಾರೆ ಮೈಕಕ್ಕ. "ಆ ತಾಯಿ ಮುಖ ಊದಿತ್ತು. ನನ್ನ ಮುಖಾನೂ ಊದಿತ್ತು. ನಂದು ಹಲ್ಲಿಂದು, ಅವರದ್ದು ಜೀವದ್ದು."

ಅವರ ಮಾತಿನ ತ, ದ, ಸಗಳನ್ನು ಇಲ್ಲಿ ನಾನು ತುಂಬಿಸಿ ಬರೆಯುತ್ತಿದ್ದೇನೆ. ಕೈಕೊಟ್ಟಿರುವುದು ಆ ಮೂರೇ. ದಂತ್ಯಾಕ್ಷರಕ್ಕೆ ಆ ಹೆಸರು ಯಾಕೆಂದು ಶಾಲೆಯಲ್ಲಿ ತಲೆಗೆ ಹತ್ತಿರಲಿಲ್ಲ, ಈಗ ಬಾಯಿಗೇ ಹತ್ತಿದೆ ಎಂದು ನಗಲು ಹೋಗಿ ಕೆನ್ನೆ ಹಿಡಿದುಕೊಳ್ಳುತ್ತಾರೆ.

ಹೊಸ ಹಲ್ಲೇನು ಅಂಗಡಿಯಿಂದ ತಂದು ಸಿಕ್ಕಿಸುವ ಅಂಗಿಯ ಗುಂಡಿಯಲ್ಲ. ಮೂಳೆಗೆ ತಿರುಪು ಕೂರಿಸಿ ಕಟ್ಟಬೇಕೆಂದರೆ ಮೂರ್ನಾಲ್ಕು ತಿಂಗಳು. ಬೇಗ ಆಗಬೇಕೆಂದರೆ ಎರಡೂ ಪಕ್ಕದ ಗಟ್ಟಿ ಹಲ್ಲುಗಳನ್ನು ಉಜ್ಜಿ ಸಣ್ಣ ಮಾಡಿ, ಅವುಗಳ ಆಸರೆಯಲ್ಲಿ ಹೊಸ ಹಲ್ಲಿನ ಸೇತುವೆ ಕಟ್ಟಬೇಕು. "ಅಕ್ಕಪಕ್ಕದವು ಏನು ಪಾಪ ಮಾಡಿವೆ?" ಎಂದು ಅದನ್ನು ಬೇಡವೆಂದಿದ್ದಾರೆ. ಅಲ್ಲಿಯವರೆಗೆ ಏನು ಗತಿ?

ದಾರಿ ತೋರಿಸಿದವರು ಗಂಡ. ಅಚ್ಚುಕೂಟದಲ್ಲಿ ಕರಡು ತಿದ್ದುವ ಮನುಷ್ಯ. ಪ್ರಕಟಣೆಯ ಹಾಳೆಗಳನ್ನು ಹರಡಿಕೊಂಡು, ತ, ದ, ಸ ಇರುವ ಪದಗಳನ್ನೆಲ್ಲ ಕೆಂಪು ಪೆನ್ಸಿಲಿನಿಂದ ಹೊಡೆದುಹಾಕಿದರು. 'ಬಸ್ಸು' ಹೋಗಿ 'ಗಾಡಿ' ಬಂತು. 'ದಯವಿಟ್ಟು' ಹೋಗಿ 'ಗಮನವಿಟ್ಟು' ಬಂತು. 'ಹೊರಡುತ್ತದೆ'ಗೆ ಪೂರ್ತಿ ಕತ್ತರಿ. 'ಆಸ್ಪತ್ರೆ'ಗೆ ಮಾತ್ರ ಇಬ್ಬರೂ ಒಂದು ಸಂಜೆಯಿಡೀ ತಲೆ ಕೆರೆದುಕೊಂಡರಂತೆ.

ಐದು ನಲವತ್ತು. ಆಸ್ಪತ್ರೆಯ ಬಸ್ಸು ಒಳಗೆ ಬರುತ್ತದೆ. ಇರುವ ಹನ್ನೆರಡರಲ್ಲಿ ಅದಕ್ಕೆ ಸಿಕ್ಕಿದ್ದು ಮತ್ತೆ ಐದು. ಗ್ರಹಚಾರ ಅಂದರೆ ಇದೇ. ಆರರಲ್ಲಿ ಕಲ್ಲುಗಣಿಯ ಬಸ್ಸು ಗುರ್ ಅನ್ನುತ್ತಿದೆ. ಗಡಿಯಾರದ ಕೆಳಗಿನ ಬೆಂಚಿನಲ್ಲಿ ಅದೇ ತಾಯಿ, ಅದೇ ಮಗಳು. ಇವತ್ತು ಮತ್ತೆ ಅವರ ಸರದಿ. ಮೈಕಕ್ಕ ಅವರನ್ನು ನೋಡುತ್ತಾರೆ, ಮೇಲ್ವಿಚಾರಕರು ಮೈಕಕ್ಕನನ್ನು ನೋಡುತ್ತಾರೆ.

"ಗಮನವಿಟ್ಟು ಕೇಳಿ. ಡಾಕ್ಟರ ಬಳಿ ಹೋಗುವವರ ಗಾಡಿ, ನಾಲ್ಕರ ಆಚೆ, ಆರರ ಈಚೆ, ನಡುವಿನ ಅಂಕಣ."

ಮಗಳು ತಾಯಿಯ ರಟ್ಟೆ ಹಿಡಿದು ಏಳುತ್ತಾಳೆ. ಆರರ ಕಡೆಗೇ ಹೆಜ್ಜೆ ಹಾಕುತ್ತಾಳೆ. ಮೈಕಕ್ಕ ಮೇಜಿನ ಅಂಚು ಹಿಡಿದು ಅದನ್ನೇ ಇನ್ನೊಮ್ಮೆ ಹೇಳುತ್ತಾರೆ, ಇನ್ನಷ್ಟು ನಿಧಾನವಾಗಿ. ಮಗಳು ನಿಲ್ಲುತ್ತಾಳೆ. ಕಂಬದ ಮೇಲಿನ ಅಂಕಿ ನೋಡಿ, ಬೆರಳು ಮಡಚಿ ಎಣಿಸಿ, ಹಿಂದಕ್ಕೆ ತಿರುಗುತ್ತಾಳೆ. ಇಬ್ಬರೂ ಸರಿಯಾದ ಬಸ್ಸು ಹತ್ತಿ ಕಿಟಕಿ ಪಕ್ಕ ಕೂತ ಮೇಲೆಯೇ ಈ ಕೊಠಡಿಯಲ್ಲಿ ಎಲ್ಲರಿಗೂ ಉಸಿರು ಬರುವುದು.

ಮೇಲ್ವಿಚಾರಕರು ಗಂಟಲು ಸರಿಮಾಡಿಕೊಂಡು, ನಾಳೆ ಹೊತ್ತಿಗೆ ಸರಿಯಾಗಿ ಬರಬೇಕೆಂದು ಹೇಳಿ ಹೋಗುತ್ತಾರೆ. ಮೈಕಕ್ಕನ ಕಣ್ಣು ತುಂಬಿದೆ. ಎಂಥ ಹಲ್ಲು ಕಟ್ಟಿಸಿಕೊಳ್ಳುತ್ತೀರಿ ಎಂದು ಕೇಳುತ್ತೇನೆ.

"ಬಣ್ಣ ಆರಿಸೋಕೆ ಡಾಕ್ಟ್ರು ಕನ್ನಡಿ ಕೊಡ್ತಾರಂತೆ. ನಂಗೆ ಕನ್ನಡಿ ಬೇಡ. ಕೂತಲ್ಲೇ 'ಐದು' ಅಂತೀನಿ. ಬಾಗಿಲಾಚೆ ಕೂತೋರಿಗೆ ಐದು ಅಂತಲೇ ಕೇಳಿಸಿದ್ರೆ, ಆಗ ಅದು ನನ್ನ ಹಲ್ಲು."