ಮೊದಲ ಸಲ ಬೇಡ ಅನ್ನಬೇಕು

ನನ್ನ ಮೊಮ್ಮಗಳು ಅಥಣಿಯ ಹೈಸ್ಕೂಲಿನಲ್ಲಿ ಇಂಗ್ಲಿಷ್ ಅಕ್ಕೋರಾದಳು. ಹಿಂದುಮುಂದಿನದು ಏನೇ ಇರಲಿ, ಮೊದಲು ಇದನ್ನು ಹೇಳಿದರೇ ನನ್ನ ಜೀವಕ್ಕೆ ಸಮಾಧಾನ. ತೊಂಬತ್ತರ ದಶಕದ ಮಾತಿದು. ನೆನೆದರೆ ಇವತ್ತಿಗೂ ಮುಖ ಅರಳುತ್ತದೆ. ಎರಡನೇ ಇಯತ್ತೆಗೇ ಶಾಲೆ ಬಿಟ್ಟ ನನ್ನಂಥವಳ ಮನೆಯಿಂದ ಇಂಗ್ಲಿಷ್ ಕಲಿಸುವವಳು ಹೊರಟಳು ಅಂದರೆ ಸಣ್ಣ ಮಾತೇ?

ಆ ಕೆಲಸ ಸುಲಭಕ್ಕೆ ಸಿಗುವಂತಿರಲಿಲ್ಲ. ಕೇಳಿಕೊಂಡು ಬಂದವರು ಇಬ್ಬರು. ಇನ್ನೊಬ್ಬಳು ನಿಪ್ಪಾಣಿಯವಳು, ಸಣ್ಣಂದಿನಿಂದ ಇಂಗ್ಲಿಷ್ ಶಾಲೆಯಲ್ಲೇ ಓದಿದವಳು. ಮಾತಾಡಿದರೆ ನೀರು ಹರಿದಂತೆ ಅಂತೆ. ನಮ್ಮವಳು ನಮ್ಮೂರು ಸತ್ತಿಯ ಕನ್ನಡ ಶಾಲೆಯವಳು. ಇಬ್ಬರೂ ಒಂದೊಂದು ಪಾಠ ಮಾಡಿ ತೋರಿಸಬೇಕು, ಚಲೋ ಕಲಿಸಿದವರಿಗೆ ಕೆಲಸ. ಇವಳ ಪಾಲಿಗೆ ಬಂದ ಪಾಠ, ಮನೆಗೆ ಪಾವಣ್ಯಾರು ಅಂದರೆ ಅತಿಥಿಗಳು ಬರುವುದು.

ಹಿಂದಿನ ದಿನ ನನ್ನನ್ನೇ ಅತಿಥಿ ಮಾಡಿ ಪಡಸಾಲೆಯಲ್ಲಿ ಕೂರಿಸಿದಳು. ಶುಂಠಿ ಹಾಕಿದ ಚಹಾ ತಂದು, ಕುಡಿಯುತ್ತೀರಾ ಎಂದು ಇಂಗ್ಲಿಷಿನಲ್ಲಿ ಕೇಳಿದಳು. ಅವಳೇ ಕಲಿಸಿಕೊಟ್ಟ ಮಾತುಗಳಲ್ಲಿ ಒಂದನ್ನು ಆರಿಸಿ ನಾನು "ನೋ, ಥ್ಯಾಂಕ್ಯೂ" ಅಂದೆ. ಮರ್ಯಾದಸ್ಥರು ಮೊದಲ ಸಲ ಬೇಡ ಅನ್ನಬೇಕಲ್ಲವೇ? ಈಗಷ್ಟೇ ಕುಡಿದು ಬಂದೆವು ಅನ್ನಬೇಕು, ಮನೆಯವರು ಕಪ್ಪನ್ನು ಕೈಗೆ ತುರುಕಬೇಕು. ಅವಳು ಮಾತ್ರ ಕಪ್ಪನ್ನು ಒಳಗೆ ಒಯ್ದಿಟ್ಟು ಬಂದು, ಬಿಸಿಲು ಮೋಡದ ವಿಚಾರ ಮಾತಾಡತೊಡಗಿದಳು. ಶುಂಠಿಯ ವಾಸನೆ ಒಳಗಿಂದ ಬರುತ್ತಲೇ ಇತ್ತು. ನಾನು ಮುಖ ತಿರುವಿ ಕೂತೆ.

"ಚಾ ಎಲ್ಲೈತಿ ಬೇ?"

"ನೀನ ಬ್ಯಾಡಂದಿಯಲ್ಲ, ಆಯಿ."

"ಬ್ಯಾಡಂದ್ರ ಒಯ್ದ ಇಡೂದೇನ? ನಿನ್ನ ಇಂಗ್ರೇಜಿ ಮಂದಿ ಮನಿಗೆ ಹೋದ್ರ ನಾ ಉಪವಾಸ ಸಾಯ್ತೀನಿ."

ಬಿದ್ದು ಬಿದ್ದು ನಕ್ಕಳು. ನಕ್ಕವಳು ಥಟ್ಟನೆ ತಯಾರು ಮಾಡಿದ್ದ ಪಾಠವನ್ನೇ ಬದಿಗಿಟ್ಟಳು. ಮಾತು ಕಲಿಸಿದರೆ ಸಾಲದು, ಅದನ್ನಾಡುವವರ ಮನೆಯ ರೀತಿಯನ್ನೂ ಕಲಿಸಬೇಕು, ಇಲ್ಲವಾದರೆ ಮಕ್ಕಳೂ ನನ್ನ ಹಾಗೆ ಚಹಾ ಇಲ್ಲದೆ ಕೂರುತ್ತಾರೆ ಅಂದಳು.

ಮರುದಿನ ಶಾಲೆಯಲ್ಲಿ ನಡೆದದ್ದನ್ನು ಅವಳೇ ಬಂದು ಹೇಳಿದಳು. ತರಗತಿಯ ಒಂದು ಬದಿಗೆ ಇಂಗ್ಲೆಂಡಿನ ಮನೆ, ಇನ್ನೊಂದು ಬದಿಗೆ ಸತ್ತಿಯ ನಮ್ಮ ಮನೆ ಮಾಡಿದ್ದಳಂತೆ. ಎರಡಕ್ಕೂ ಹೆಡ್ಮಾಸ್ತರರೇ ಅತಿಥಿ. ಮೊದಲ ಮನೆಯಲ್ಲಿ ಅವರು "ನೋ, ಥ್ಯಾಂಕ್ಯೂ" ಅಂದದ್ದೇ ತಡ, ಹುಡುಗಿಯೊಬ್ಬಳು ಕಪ್ಪನ್ನು ಎತ್ತಿಕೊಂಡು ಹೋಗಿಬಿಟ್ಟಳು. ಎರಡನೇ ಮನೆಯಲ್ಲಿ ಎಷ್ಟು ಬೇಡವೆಂದರೂ ಮಕ್ಕಳು ಬಿಡದೆ ಕುಡಿಸಿದರು. ತರಗತಿಯೆಲ್ಲ ನಗು, ಬಾಯಿ ಬಿಡದವರೂ ಇಂಗ್ಲಿಷಿನಲ್ಲಿ ಚಹಾ ಕೊಡಲು ನಾನು ತಾನು ಎಂದು ಎದ್ದರು. ಇವೆರಡರಲ್ಲಿ ಯಾವುದು ಸರಿ ಎಂದು ಹೆಡ್ಮಾಸ್ತರರು ಇವಳನ್ನು ಕೇಳಿದರಂತೆ.

"ಎರಡೂ ಮರ್ಯಾದೀನರಿ ಸರ್. ಅವ್ರು ಪಾವಣ್ಯಾರ ಮಾತಿಗೆ ಬೆಲಿ ಕೊಡ್ತಾರ, ನಾವು ಪಾವಣ್ಯಾರ ಹೊಟ್ಟಿಗೆ ಕೊಡ್ತೀವಿ."

ಕೆಲಸ ಅಲ್ಲೇ ಗಟ್ಟಿಯಾಯಿತು.

ಆ ಸಂಜೆ ಸೊಸೆ ಹೋಳಿಗೆ ಮಾಡಿದಳು. ಗಂಡಸರದು ಮೊದಲು, ಹೆಂಗಸರದು ಆಮೇಲೆ ಅನ್ನುವುದನ್ನು ಬಿಟ್ಟು ಎಲ್ಲರೂ ಒಂದೇ ಸಾಲಿಗೆ ಕೂತೆವು. ಹೋಳಿಗೆಯ ಬುಟ್ಟಿ ಕೈಯಿಂದ ಕೈಗೆ ಹೊರಟಿತು. ನನ್ನ ಹತ್ತಿರ ಬಂದಾಗ ಸುಮ್ಮನಿರಲಾರದೆ "ನೋ, ಥ್ಯಾಂಕ್ಯೂ" ಅಂದೆ. ಮೊಮ್ಮಗಳು ಬುಟ್ಟಿಯನ್ನು ನಿಜಕ್ಕೂ ಮುಂದಕ್ಕೆ ದಾಟಿಸಿಬಿಟ್ಟಳು.

ನನ್ನ ಯಜಮಾನರು ತುತ್ತು ನಿಲ್ಲಿಸಿ, "ಅಕ್ಕೋರ, ಇದು ಸತ್ತಿ ಐತ್ರಿ" ಅಂದರು.

ಬುಟ್ಟಿ ತಿರುಗಿ ಬಂತು. ನನ್ನ ತಾಟಿಗೆ ಎರಡು ಹೋಳಿಗೆ ಬಿದ್ದವು, ಮೇಲೆ ತುಪ್ಪ. ಬೇಡ ಬೇಡ ಅನ್ನುತ್ತಲೇ ಎಲ್ಲರ ಜೊತೆ ನಾನೂ ಉಂಡೆ.