ಹೋಗಿ ಬರ್ರಿ

ದೆವ್ವ ಕಂಡಿತು, ದೇವರು ಮೈಮೇಲೆ ಬಂತು ಎಂದು ಯಾರಾದರೂ ಶುರು ಮಾಡಿದರೆ ನಾನು ಏನಾದರೊಂದು ನೆಪ ಹೇಳಿ ಎದ್ದು ಹೋಗುವವಳು. ಮುಂಬಯಿಯ ಒಂದು ಕನ್ನಡ ಶಾಲೆಯಲ್ಲಿ ಮಕ್ಕಳಿಗೆ ವಿಜ್ಞಾನ ಕಲಿಸುವುದು ನನ್ನ ಕೆಲಸ. ಗಾಳಿ, ನೀರು, ರೋಗಾಣು, ಎಲ್ಲಕ್ಕೂ ನನ್ನ ಹತ್ತಿರ ಒಂದು ಚಿತ್ರ, ಒಂದು ಬಾಣದ ಗುರುತು ಇರುತ್ತದೆ. ಹೀಗಿರುವಾಗ ಇದನ್ನು ಬರೆಯಲು ಕೂತಿರುವುದಕ್ಕೆ ನನಗೇ ನಾಚಿಕೆ. ನೀವು ನಂಬಬೇಕೆಂಬ ಹಟವೂ ನನಗಿಲ್ಲ. ಆದರೆ ನಡೆದದ್ದನ್ನು ನಡೆಯಲೇ ಇಲ್ಲ ಎನ್ನಲು ಬಾಯಿ ಬರುತ್ತಿಲ್ಲ.

ಕೆಲವು ವರ್ಷಗಳ ಹಿಂದಿನ ಮಾತು. ಆಗ ನಾವು ಆಂಟಾಪ್ ಹಿಲ್‌ನಲ್ಲಿ ಒಂದು ಹಳೆಯ ಬಿಲ್ಡಿಂಗಿನ ಎರಡನೆಯ ಮಹಡಿಯಲ್ಲಿದ್ದೆವು. ಒಂದು ಹಾಲ್, ಒಂದು ಕೋಣೆ, ಅಡಿಗೆಮನೆ. ಅಷ್ಟರಲ್ಲೇ ನಾನು, ನನ್ನ ಗಂಡ, ಆರು ವರ್ಷದ ಮಗಳು ಶಾನು, ಧಾರವಾಡದ ಕಡೆಯಿಂದ ಬಂದ ಅತ್ತೆ, ಮೈದುನ, ಅವನ ಹೆಂಡತಿ ಸವಿತಾ ಮತ್ತು ಅವರ ಪಾಪು. ಪಾಪುವಿಗೆ ಆಗಷ್ಟೇ ಕೂರಲು ಬರುತ್ತಿತ್ತು. ಕೂತು, ತಾನು ಕೂತಿದ್ದಕ್ಕೆ ತಾನೇ ಬೆರಗಾಗಿ, ಪಕ್ಕಕ್ಕೆ ಉರುಳುತ್ತಿತ್ತು. ಶಾನುವಿಗೆ ಶಾಲೆಯಿಂದ ಬಂದ ಮೇಲೆ ಅದನ್ನು ಎತ್ತಿ ಕೂರಿಸುವುದೇ ಆಟ.

ಶಾನುವಿನ ಕನ್ನಡದ ಬಗ್ಗೆ ಇಲ್ಲೇ ಹೇಳಿಬಿಡಬೇಕು. ಊರ ಮಕ್ಕಳಿಗೆಲ್ಲ ಕನ್ನಡದಲ್ಲಿ ಪಾಠ ಹೇಳುವ ನನ್ನ ಮಗಳಿಗೆ ಕನ್ನಡ ನಾಲಿಗೆಗೆ ಹತ್ತಲೇ ಇಲ್ಲ. ನಾವು ಆಡಿದ್ದು ಅವಳಿಗೆ ತಿಳಿಯುತ್ತಿತ್ತು, ಉತ್ತರ ಹಿಂದಿಯಲ್ಲಿ ಬರುತ್ತಿತ್ತು. ಒತ್ತಾಯ ಮಾಡಿದರೆ "ಅಜ್ಜಿ, ನನಗ ಪಾನಿ ಕೊಡು" ಎನ್ನುವಷ್ಟಕ್ಕೆ ಮುಗಿಯುತ್ತಿತ್ತು. ನಮ್ಮ ಕಡೆಯವರು ಮಾತಿಗೊಮ್ಮೆ ಸೇರಿಸುವ 'ರೀ' ಅವಳ ಬಾಯಲ್ಲಿ ನಾನು ಒಮ್ಮೆಯೂ ಕೇಳಿದ್ದಿಲ್ಲ. "ಮಾಸ್ತರ್ತಿ ಮಗಳಂತ, ಅಜ್ಜಿಗೇ ನೀನು ಅಂತಾಳ" ಎಂದು ಅತ್ತೆ ನಗುತ್ತಿದ್ದರು.

ಶಾನುವಿಗೆ ಜ್ವರ ಬಂತು. ಕೈ ಇಟ್ಟರೆ ಸುಡುವಂಥ ಜ್ವರ. ಕಣ್ಣು ಕೆಂಪಾಗಿ ನೀರು ಸುರಿಯಿತು, ಆಮೇಲೆ ಕಿವಿಯ ಹಿಂದಿನಿಂದ ಕೆಂಪು ಗುಳ್ಳೆಗಳು ಇಳಿದವು. ಡಾಕ್ಟರು ನೋಡಿ ದಡಾರ ಎಂದರು. ದಡಾರದ ಸೂಜಿ ಹಾಕಿಸಿದ್ದೇವಲ್ಲ ಎಂದೆ. ಅಪರೂಪಕ್ಕೆ ಹೀಗೂ ಆಗುತ್ತದೆ, ಇವಳು ಪಾರಾಗುತ್ತಾಳೆ, ಮನೆಯಲ್ಲಿ ಸಣ್ಣ ಮಕ್ಕಳಿದ್ದರೆ ದೂರ ಇಡಿ ಎಂದರು. ಪಾಪುವಿಗೆ ಆ ಸೂಜಿ ಹಾಕಿಸುವ ವಯಸ್ಸು ಇನ್ನೂ ಆಗಿರಲಿಲ್ಲ.

ಜೋಗೇಶ್ವರಿಯಲ್ಲಿ ಸವಿತಾಳ ಚಿಕ್ಕಮ್ಮನ ಮನೆಯಿತ್ತು. ಪಾಪುವನ್ನು ಕರೆದುಕೊಂಡು ಇವತ್ತೇ ಅಲ್ಲಿಗೆ ಹೋಗು ಎಂದು ನಾನು ಅವಳ ಬಟ್ಟೆ ತುಂಬತೊಡಗಿದೆ. ಅತ್ತೆ ಚೀಲ ಕಸಿದುಕೊಂಡರು. ಅವರಿಗೆ ದಡಾರ ಎಂದರೆ ರೋಗವಲ್ಲ, ಮನೆಗೆ ಬಂದ ದೇವಿ. "ತಾಯಿ ಬಂದಾಳ ಮನಿಗೆ. ಆಕಿ ಇರೂತನಕ ಮನಿ ಮಂದಿ ಹೊಸ್ತಿಲಾ ದಾಟಿ ಬ್ಯಾರೆ ಕಡೆ ವಸ್ತಿ ಹೋಗೂದಲ್ಲ. ಆಕಿನ್ನ ಕಂಡು ಓಡಿ ಹೋದಂಗ ಆಗ್ತೈತಿ." ಗಂಡಂದಿರಿಬ್ಬರೂ ಅತ್ತೆಯ ಮುಖ ನೋಡಿದರು, ನನ್ನ ಮುಖ ನೋಡಿದರು, ಟಿವಿ ಹಚ್ಚಿದರು. ಪಾಪು ಕೋಣೆಯಲ್ಲಿ, ಶಾನು ಹಾಲ್‌ನಲ್ಲಿ, ನಡುವೆ ಒಂದು ಪರದೆ. ನಮ್ಮ ಮನೆಯಲ್ಲಿ 'ದೂರ' ಅಂದರೆ ಅಷ್ಟೇ.

ಆಮೇಲೆ ಅತ್ತೆಯ ಕಾನೂನು ಶುರುವಾಯಿತು. ಹೊರಗಿನ ಜಾಲರಿಯ ಸೇಫ್ಟಿ ಡೋರಿಗೆ ಬೇವಿನ ಟೊಂಗೆ. ಒಗ್ಗರಣೆ ಬಂದ್. ಯಾರೂ ತಲೆ ಬಾಚುವಂತಿಲ್ಲ. ಎಲ್ಲಕ್ಕಿಂತ ದೊಡ್ಡದು ಮಾತಿನ ಕಾನೂನು. ನಾವು ಮನೆಯಿಂದ ಹೊರಡುವಾಗ 'ಹೋಗ್ತೀನಿ' ಎನ್ನುವುದಿಲ್ಲ, 'ಬರ್ತೀನಿ' ಎನ್ನುತ್ತೇವೆ. ಒಳಗಿದ್ದವರು 'ಹೋಗಿ ಬರ್ರಿ' ಎನ್ನುತ್ತೇವೆ. ತಾಯಿ ಮನೆಯಲ್ಲಿದ್ದಾಗ ಈ ಎರಡು ಮಾತೂ ಕೂಡದು. ಎದ್ದು ಹೊರಟ ತಾಯಿ ಅದನ್ನು ಕೇಳಿಸಿಕೊಂಡರೆ ತನ್ನನ್ನೇ ಮತ್ತೆ ಕರೆದರೆಂದು ತಿರುಗಿ ಬರುತ್ತಾಳಂತೆ. ಹಾಗಾಗಿ ಗಂಡಸರು ಬೆಳಿಗ್ಗೆ ಚಪ್ಪಲಿ ಮೆಟ್ಟಿಕೊಂಡು ಕಳ್ಳರ ಹಾಗೆ ಸದ್ದಿಲ್ಲದೆ ಕೆಲಸಕ್ಕೆ ಹೋಗುತ್ತಿದ್ದರು.

"ಬೈ ಅಂದ್ರ ನಡೀತೈತೇನ್ರಿ ಅತ್ತಿ?" ಎಂದು ನಾನು ಕುಚೋದ್ಯಕ್ಕೆ ಕೇಳಿದೆ.

"ಅನ್ನು. ಆಕಿಗೆ ಇಂಗ್ಲಿಷ್ ತಿಳಿಯಂಗಿಲ್ಲ" ಎಂದರು, ನಗದೆ.

ಅದು ನಡೆದದ್ದು ಒಂದು ಮಧ್ಯಾಹ್ನ, ಕಣ್ಣಿಗೆ ಹೊಡೆಯುವ ಬಿಸಿಲಿನಲ್ಲಿ. ಶಾನುವಿನ ಗುಳ್ಳೆ ಬಾಡತೊಡಗಿದ್ದವು, ಜ್ವರ ಇಳಿಯುತ್ತಿತ್ತು. ಗಂಡಸರು ಕೆಲಸಕ್ಕೆ ಹೋಗಿದ್ದರು. ಅತ್ತೆ ಅಡಿಗೆಮನೆಯಲ್ಲಿದ್ದರು. ಸವಿತಾ ಪರದೆಯಾಚೆ ಪಾಪುವಿಗೆ ಹಾಲು ಕುಡಿಸುತ್ತಿದ್ದಳು. ನಾನು ಹಾಲ್‌ನ ನೆಲದ ಮೇಲೆ ಕೂತು ಬಟ್ಟೆ ಮಡಚುತ್ತಿದ್ದೆ. ಗಾಳಿಗೆಂದು ಒಳಬಾಗಿಲು ತೆರೆದಿತ್ತು, ಸೇಫ್ಟಿ ಡೋರಿಗೆ ಚಿಲಕ ಹಾಕಿತ್ತು.

ಮಲಗಿದ್ದ ಶಾನು ಎದ್ದು ಕೂತಳು. ಹಿರಿಯರ ಮುಂದೆ ಕೂರುವ ಹೆಂಗಸರಂತೆ ಫ್ರಾಕನ್ನು ಮೊಣಕಾಲ ಮೇಲೆ ಎಳೆದುಕೊಂಡಳು. ಬಾಗಿಲ ಕಡೆ ನೋಡುತ್ತ, ಮೆಲ್ಲಗೆ, ನನಗಷ್ಟೇ ಕೇಳುವ ಹಾಗೆ, "ಬ್ಯಾಡ್ರಿ. ಅದು ಇನ್ನಾ ಸಣ್ಣದ ಐತ್ರಿ" ಎಂದಳು.

ನನ್ನ ಕೈಯಲ್ಲಿನ ಬಟ್ಟೆ ಅಲ್ಲೇ ನಿಂತಿತು. ಅವಳು ಏನನ್ನೋ ಕೇಳಿಸಿಕೊಳ್ಳುತ್ತಿದ್ದಳು. ಸಣ್ಣಗೆ ತಲೆಯಾಡಿಸಿದಳು. ಆಮೇಲೆ ದನಿ ಏರಿಸಿ, "ಆತ್ರಿ. ಹೋಗಿ ಬರ್ರಿ" ಎಂದಳು. ಉಚ್ಚಾರ ಸ್ವಚ್ಛವಾಗಿತ್ತು, ನಮ್ಮೂರಿನ ಕಟ್ಟೆಯ ಮೇಲೆ ಕೂತ ಮುದುಕಿಯದಷ್ಟು ಸ್ವಚ್ಛ.

ಅಡಿಗೆಮನೆಯಲ್ಲಿ ಪಾತ್ರೆ ಬಿತ್ತು. ಅತ್ತೆ ಓಡಿ ಬಂದರು. "ಯಾರಿಗಂದಿ? ಯಾರಿಗೆ ಬರ್ರಿ ಅಂದಿ?" ಶಾನು ಆಗಲೇ ಮಲಗಿ ಕಣ್ಣು ಮುಚ್ಚಿದ್ದಳು. ಪರದೆ ಸರಿಸಿ ನಿಂತ ಸವಿತಾಳ ಮುಖದಲ್ಲಿ ರಕ್ತವಿರಲಿಲ್ಲ.

ನಾನು ಚಿಲಕ ತೆಗೆದು ಹೊರಗೆ ಬಂದೆ. ಪ್ಯಾಸೇಜ್ ಖಾಲಿ. ಎದುರು ಮನೆಯ ಮರಾಠಿ ಬಾಯಿ ಪೇಪರ್ ಹಾಸಿ ಮೆಂತ್ಯ ಸೊಪ್ಪು ಬಿಡಿಸುತ್ತ ತಮ್ಮ ಬಾಗಿಲಲ್ಲೇ ಕೂತಿದ್ದರು. ಯಾರಾದರೂ ಬಂದಿದ್ದರೇ ಎಂದು ಕೇಳಿದೆ. "ಕುಣೀ ನಾಹೀ" ಎಂದರು. ಯಾರೂ ಇಲ್ಲ. ಆದರೆ ಅವರು ಕಾಲು ಮಡಚಿಕೊಂಡು, ಸೊಪ್ಪಿನ ಪೇಪರನ್ನು ಗೋಡೆಗೆ ಎಳೆದುಕೊಂಡಿದ್ದರು, ಯಾರಿಗೋ ದಾರಿ ಬಿಡುವ ಹಾಗೆ. ಯಾಕೆ ಸರಿದಿರಿ ಎಂದೆ. ತಮ್ಮ ಕಾಲನ್ನು ತಾವೇ ನೋಡಿಕೊಂಡರು.

ಒಂದೆರಡು ದಿನದಲ್ಲಿ ಪಾಪುವಿಗೆ ಜ್ವರ ಬಂತು. ಆಮೇಲೆ ಎದೆಗಿಳಿಯಿತು. ಆಸ್ಪತ್ರೆಯಲ್ಲಿ ಅದರ ಪುಟ್ಟ ಮೂಗಿಗೆ ನಳಿಗೆ ಹಾಕಿದ್ದರು. ಅದು ಮನೆಗೆ ತಿರುಗಿ ಬರಲಿಲ್ಲ.

"ಹೊಂಟಿದ್ದ ತಾಯೀನ ಬಾಯಾರೆ ಕರದ್ಲು" ಎಂದರು ಅತ್ತೆ. ಆರು ವರ್ಷದ ಕೂಸಿನ ಮೇಲೆ ಆ ಮಾತು ಹೊರಿಸಿದರು. ಚೀಲ ಕಸಿದುಕೊಂಡದ್ದು ಯಾರಿಗೂ ನೆನಪಿರಲಿಲ್ಲ. ನನ್ನ ಗಂಡ ಆಗಲೂ ಟಿವಿ ಹಚ್ಚಿದರು. ನಾನು ಪಾಠ ಹೇಳಿದ ಹಾಗೆ ಹೇಳಿದೆ: ಈ ರೋಗ ಮೈಹೊಕ್ಕ ಎಷ್ಟೋ ದಿನಗಳ ಮೇಲೆ ಜ್ವರ ಬರುತ್ತದೆ, ಶಾನು ಬಾಯಿ ತೆರೆಯುವ ಮೊದಲೇ ಅದು ಪಾಪುವಿನೊಳಗಿತ್ತು, ಆ ಪರದೆ ದಾಟಿ ಹೋಗಿತ್ತು, ರೋಗಾಣುವಿಗೆ ಕನ್ನಡ ಬರುವುದಿಲ್ಲ. ಇದಿಷ್ಟೂ ನಿಜ. ಇವತ್ತೂ ಹಾಗೇ ಹೇಳುತ್ತೇನೆ. ಸವಿತಾ ನನ್ನತ್ತ ಒಮ್ಮೆ ನೋಡಿ, ಎದ್ದು ಪರದೆಯಾಚೆ ಹೋದಳು.

ಮೈದುನ ಬೇರೆ ಮನೆ ಮಾಡಿದ, ಜೋಗೇಶ್ವರಿಯಲ್ಲಿ! ಅಂದು ನಾನು ಕಳಿಸಬೇಕೆಂದಿದ್ದ ಅದೇ ಜೋಗೇಶ್ವರಿ.

ಶಾನುವಿಗೆ ಆ ಮಧ್ಯಾಹ್ನ ನೆನಪಿಲ್ಲ. ಅವಳ ಮೊದಲ ಮಾತು, "ಅದು ಇನ್ನಾ ಸಣ್ಣದ ಐತ್ರಿ" ಎಂದದ್ದು, ನನ್ನ ಹೊರತು ಯಾರಿಗೂ ಗೊತ್ತಿಲ್ಲ. ಅದನ್ನು ಹೇಳಿಬಿಟ್ಟರೆ ನನ್ನ ಮಗಳು ಕರೆಯಲಿಲ್ಲ, ಪಾಪುವಿಗಾಗಿ ಬೇಡಿಕೊಂಡಳು ಎಂದು ಸವಿತಾಳಿಗೆ ತಿಳಿದೀತು. ಆದರೆ ಯಾರನ್ನು ಬೇಡಿಕೊಂಡಳು? ಮಗಳನ್ನು ಉಳಿಸಿಕೊಳ್ಳಬೇಕಾದರೆ ಬಾಗಿಲಲ್ಲಿ ಯಾರೋ ನಿಂತಿದ್ದರು ಎಂದು ನಾನು ಒಪ್ಪಬೇಕು. ಯಾರೂ ಇರಲಿಲ್ಲ ಎನ್ನಬೇಕಾದರೆ ಆ ಮಾತನ್ನು ನುಂಗಿಕೊಳ್ಳಬೇಕು. ನುಂಗಿಕೊಂಡೇ ಇದ್ದೇನೆ.

ಸವಿತಾ ಹಬ್ಬಕ್ಕೆ ಬರುತ್ತಾಳೆ. ಶಾನುವನ್ನು ಮಾತಾಡಿಸುವುದಿಲ್ಲ. ಹೊರಡುವಾಗ ನಮ್ಮ ಮನೆಯಲ್ಲಿ ಮಾತ್ರ "ಹೋಗ್ತೀನಿ" ಎನ್ನುತ್ತಾಳೆ. ಹೋದ ದೀಪಾವಳಿಗೂ ಬಂದಿದ್ದಳು. ನನ್ನೆತ್ತರಕ್ಕೆ ಬೆಳೆದ ಶಾನು ಚಕ್ಕುಲಿ, ಉಂಡಿ ತುಂಬಿದ ಫರಾಳದ ಡಬ್ಬಿ ಹಿಡಿದು ಬಾಗಿಲವರೆಗೆ ಹೋದಳು. ತನ್ನ ಚಿಕ್ಕಮ್ಮನಿಗೆ, ಈ ಕಾಕೂಗೆ, ಹೇಗಾದರೂ ಹತ್ತಿರವಾಗಬೇಕೆಂದು ಎಷ್ಟು ದಿನದಿಂದ ಕಲಿತಿಟ್ಟಿದ್ದಳೋ, ತಡವರಿಸುತ್ತ, "ಕಾಕೂ, ಹೋಗಿ ಬ..." ಎಂದಳು.

ಅವಳ ಮಾತು ಮುಗಿಯುವ ಮುನ್ನ ನನ್ನ ಕೈ ಅವಳ ಬಾಯಿ ಮುಚ್ಚಿತ್ತು.

ಸವಿತಾ ಅದನ್ನು ನೋಡಿದಳು. ಡಬ್ಬಿ ತೆಗೆದುಕೊಂಡು ಮೆಟ್ಟಿಲಿಳಿದು ಹೋದಳು. ಶಾನು ನನ್ನ ಕೈ ಸರಿಸಿ, ಕಣ್ಣು ತುಂಬಿಕೊಂಡು ಕೇಳಿದಳು, "ಕ್ಯಾ ಹುವಾ ಮಮ್ಮಿ? ಗಲತ್ ಬೋಲಾ ಕ್ಯಾ?"

ತಪ್ಪು ಹೇಳಿದಳೋ ಸರಿ ಹೇಳಿದಳೋ, ನನಗೆ ಗೊತ್ತಿಲ್ಲ.